ಸಿಹಿನೀರು, ಉಪ್ಪುನೀರು ಮತ್ತು ದಡದ ಗಾಳ

ಜೂನ್ ತಿಂಗಳ ಕೊನೆ, ಇಲ್ಲವೆ ಜುಲೈ ಮೊದಲ ವಾರ. ಮುಂಡರಗಿ ತಾಲ್ಲೂಕಿನ ಕೊರ್ಲಹಳ್ಳಿ, ಹಮ್ಮಿಗಿ, ಸಿಂಗಟಾಲೂರು ಕಡೆಯ ಹೊಲಗಳಲ್ಲಿ ಹೇಳಿಕೊಳ್ಳುವಂಥ ಮಳೆ ಬಿದ್ದಿರುವುದಿಲ್ಲ. ಆದರೂ ಒಂದು ದಿನ ತುಂಗಭದ್ರೆಯ ನೀರು ಕೆಂಪಾಗುತ್ತದೆ. ‘ಹೊಳಿಗೆ ಹೊಸ ನೀರು ಬಂತು’ ಎಂಬ ಸುದ್ದಿ ಊರಲ್ಲಿ ಹಬ್ಬುತ್ತದೆ. ಗಾಳ, ಬಲೆ ಇದ್ದವರು ದಡಕ್ಕೆ ಇಳಿಯುತ್ತಾರೆ. ಆ ಕೆಂಪು ನೀರು ಇಲ್ಲಿಯ ಮಳೆಯದಲ್ಲ. ದೂರದ ಸಹ್ಯಾದ್ರಿಯ ಮೇಲೆ ಸುರಿದು, ತುಂಗಾ ಮತ್ತು ಭದ್ರಾ ನದಿಗಳಾಗಿ ಕೂಡಲಿಯಲ್ಲಿ ಒಂದುಗೂಡಿ ಬಂದದ್ದು.

ಸಹ್ಯಾದ್ರಿಯ ನೆತ್ತಿಯಿಂದ ಪೂರ್ವಕ್ಕೆ ಜಾರಿದ ಹನಿ ನೂರಾರು ಕಿಲೋಮೀಟರ್ ಪಯಣಿಸಿ ಬಂಗಾಳ ಕೊಲ್ಲಿ ಸೇರುತ್ತದೆ. ಪಶ್ಚಿಮಕ್ಕೆ ಜಾರಿದ ಹನಿಗೆ ಅಷ್ಟು ತಾಳ್ಮೆಯಿಲ್ಲ. ಅದು ಘಟ್ಟ ಇಳಿದು ಒಂದೆರಡು ದಿನಗಳಲ್ಲಿಯೇ ಅರಬ್ಬಿ ಸಮುದ್ರ ಸೇರಿಬಿಡುತ್ತದೆ. ಗದಗ-ಬೆಟಗೇರಿಯಲ್ಲಿ ವರ್ಷಕ್ಕೆ ಆರೇಳು ನೂರು ಮಿಲಿಮೀಟರ್ ಮಳೆಯಾದರೆ, ಇಲ್ಲಿಂದ ಸುಮಾರು ಇನ್ನೂರು ಕಿಲೋಮೀಟರ್ ದೂರದ ಕುಮಟಾ ಕರಾವಳಿಯಲ್ಲಿ ಅದು ಮೂರು ಸಾವಿರ ಮಿಲಿಮೀಟರ್ ದಾಟುತ್ತದೆ. ಅದರಲ್ಲಿಯೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಇಷ್ಟೊಂದು ಸಿಹಿನೀರು ಒಮ್ಮೆಲೇ ಉಪ್ಪುನೀರಿನ ಮೇಲೆ ಬಂದು ಬಿದ್ದಾಗ ಏನಾಗುತ್ತದೆ? ಅಲ್ಲಿಯ ಮೀನುಗಳು ಏನು ಮಾಡುತ್ತವೆ? ದಡದಲ್ಲಿ ಗಾಳ ಹಿಡಿದು ನಿಂತವನು ಅದನ್ನು ಹೇಗೆ ತಿಳಿಯುತ್ತಾನೆ? ಇವು ಬಯಲುಸೀಮೆಯ ಮಕ್ಕಳೂ ತಿಳಿದಿರಬೇಕಾದ ಸಂಗತಿಗಳು. ಏಕೆಂದರೆ ಪ್ರವಾಸ ಎಂದರೆ ಗೋಕರ್ಣ, ಮುರ್ಡೇಶ್ವರ, ಕಾರವಾರಗಳೇ ಇಲ್ಲಿಯವರಿಗೆ ಮೊದಲು ನೆನಪಾಗುತ್ತವೆ.

ಒಂದೇ ದಿನ ಮನ್ನಣೆ ಪಡೆದ ಎರಡು ನೀರು

ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯನ್ನು ಈ ಭಾಗದಲ್ಲಿ ಅರಿಯದವರಿಲ್ಲ. ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಲು ಲಕ್ಷ್ಮೇಶ್ವರ, ಶಿರಹಟ್ಟಿ, ಗದಗಗಳ ಶಾಲಾ ಮಕ್ಕಳು ಅಲ್ಲಿಗೆ ಹೋಗುತ್ತಾರೆ. 2024ರ ಜನವರಿ 31ರಂದು ಈ ಕೆರೆಗೆ ರಾಮ್‌ಸಾರ್ ತಾಣ, ಎಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಎಂಬ ಮನ್ನಣೆ ದೊರೆತ ಸುದ್ದಿ ಹೊರಬಿತ್ತು. ಅದೇ ದಿನದ ಪಟ್ಟಿಯಲ್ಲಿ ಕರ್ನಾಟಕದ ಇನ್ನೊಂದು ಹೆಸರಿತ್ತು. ಅದು ಉತ್ತರ ಕನ್ನಡ ಜಿಲ್ಲೆಯ ಅಘನಾಶಿನಿ ಅಳಿವೆ.

ಅಳಿವೆ ಎಂದರೆ ನದಿ ಸಮುದ್ರವನ್ನು ಸೇರುವ ಜಾಗ. ಅಘನಾಶಿನಿ ನದಿ ಶಿರಸಿಯ ಬಳಿ ಹುಟ್ಟಿ, ಸುಮಾರು 120 ಕಿಲೋಮೀಟರ್ ಹರಿದು, ಕುಮಟಾ ತಾಲ್ಲೂಕಿನ ತದಡಿ ಮತ್ತು ಅಘನಾಶಿನಿ ಗ್ರಾಮಗಳ ನಡುವೆ ಕಡಲಿಗೆ ಸೇರುತ್ತದೆ. ಈ ನದಿಗೆ ಎಲ್ಲಿಯೂ ಅಣೆಕಟ್ಟಿಲ್ಲ. ಆದ್ದರಿಂದ ಘಟ್ಟದ ಮಳೆ ಯಾವ ತಡೆಯೂ ಇಲ್ಲದೆ ಅಳಿವೆಗೆ ತಲುಪುತ್ತದೆ. ಮಾಗಡಿ ಕೆರೆಯ ವಿಸ್ತಾರ ಐವತ್ತು ಹೆಕ್ಟೇರಿನಷ್ಟಾದರೆ ಅಘನಾಶಿನಿ ಅಳಿವೆಯ ರಾಮ್‌ಸಾರ್ ಪ್ರದೇಶ 4,801 ಹೆಕ್ಟೇರ್. ಮೀನು, ಏಡಿ, ಸಿಗಡಿ, ಬಳಚು, ಬತ್ತ, ಉಪ್ಪು ಇವುಗಳನ್ನು ನಂಬಿ ಆರು ಸಾವಿರದಿಂದ ಏಳೂವರೆ ಸಾವಿರ ಕುಟುಂಬಗಳು ಅಲ್ಲಿ ಬದುಕುತ್ತಿವೆ.

ಮಳೆಗಾಲದಲ್ಲಿ ಈ ಕುಟುಂಬಗಳ ಪಾಲಿಗೆ ಆಳ ಸಮುದ್ರದ ಬಾಗಿಲು ಮುಚ್ಚಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಸಾಂಪ್ರದಾಯಿಕ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ಆದರೆ ಕಾನೂನು ಬಿಟ್ಟರೂ ಕಡಲು ಬಿಡಬೇಕಲ್ಲ! ಮೂರು ಮೀಟರ್ ಮೀರಿದ ಅಲೆಗಳು ಏಳುವಾಗ ನಾಡದೋಣಿಯೂ ದಡದಲ್ಲಿಯೇ ಉಳಿಯುತ್ತದೆ. ಆಗ ಅಡುಗೆಮನೆಗೆ ಬೇಕಾದ ನಾಲ್ಕು ಮೀನು ಸಿಗುವುದು ದಡದಿಂದಲೇ. ಗಾಳ, ಬೀಸುಬಲೆ ಹಿಡಿದು, ಕೊಪ್ಪೆ ಹೊದ್ದು, ಜನ ಅಳಿವೆಯ ಅಂಚಿಗೆ ಬಂದು ನಿಲ್ಲುತ್ತಾರೆ. ಹರಿಕಂತ್ರ, ಅಂಬಿಗ, ಖಾರ್ವಿ, ಮೊಗೇರ ಮುಂತಾದ ಸಮುದಾಯಗಳಿಗೆ ಇದು ತಲೆಮಾರುಗಳಿಂದ ಬಂದ ವಿದ್ಯೆ.

ಹಗುರ ನೀರು, ಭಾರದ ನೀರು

ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳು ಕರಗಿರುತ್ತವೆ. ಆದ್ದರಿಂದ ಅದು ಸಿಹಿನೀರಿಗಿಂತ ಭಾರ. ಸಿಹಿನೀರು ಲೀಟರಿಗೆ 1,000 ಗ್ರಾಂ ತೂಗಿದರೆ ಕಡಲ ನೀರು ಸುಮಾರು 1,025 ಗ್ರಾಂ ತೂಗುತ್ತದೆ. ಈ 25 ಗ್ರಾಂ ವ್ಯತ್ಯಾಸ ಚಿಕ್ಕದೆನಿಸಿದರೂ ಅಳಿವೆಯ ಜೀವನವೆಲ್ಲ ಅದರ ಮೇಲೆ ನಿಂತಿದೆ. ನದಿಯ ನೀರು ಹಗುರವಾದ್ದರಿಂದ ಮೇಲೆ ಹರಡಿ ಕಡಲ ಕಡೆಗೆ ಸಾಗುತ್ತದೆ. ಕಡಲ ನೀರು ಭಾರವಾದ್ದರಿಂದ ಅದರ ಕೆಳಗೆ ಬೆಣೆಯಂತೆ ನುಗ್ಗಿ ಒಳನಾಡಿನ ಕಡೆಗೆ ಬರುತ್ತದೆ. ಒಂದೇ ಜಾಗದಲ್ಲಿ ಮೇಲಿನ ನೀರು ಪಶ್ಚಿಮಕ್ಕೂ ಕೆಳಗಿನ ನೀರು ಪೂರ್ವಕ್ಕೂ ಹರಿಯುತ್ತಿರಬಹುದು.

ಇದನ್ನು ಗದುಗಿನ ಯಾವ ಮನೆಯ ಅಡುಗೆಕಟ್ಟೆಯ ಮೇಲಾದರೂ ಮಾಡಿ ನೋಡಬಹುದು. ಒಂದು ಲೋಟ ನೀರಿಗೆ ಒಂದೂವರೆ ಚಹಾ ಚಮಚ ಉಪ್ಪು ಹಾಕಿ ಚೆನ್ನಾಗಿ ಕರಗಿಸಬೇಕು. ಅದಕ್ಕೆ ಎರಡು ಹನಿ ಮಸಿ ಬೆರೆಸಬೇಕು. ಈ ನೀರನ್ನು ಒಂದು ಗಾಜಿನ ಲೋಟದಲ್ಲಿ ಅರ್ಧದವರೆಗೆ ತುಂಬಿ, ಅದರ ಮೇಲೆ ಚಮಚದ ಬೆನ್ನಿನ ಮೇಲಿಂದ ಸಾದಾ ನೀರನ್ನು ನಿಧಾನವಾಗಿ ಸುರಿಯಬೇಕು. ಬಣ್ಣದ ನೀರು ಕೆಳಗೆ, ತಿಳಿನೀರು ಮೇಲೆ, ನಡುವೆ ಒಂದು ಗೆರೆ ಕಾಣಿಸುತ್ತದೆ. ಲೋಟವನ್ನು ಅಲುಗಿಸದಿದ್ದರೆ ಬಹಳ ಹೊತ್ತು ಆ ಗೆರೆ ಹಾಗೆಯೇ ಇರುತ್ತದೆ.

ಬೇಸಿಗೆಯಲ್ಲಿ ನದಿ ಬಡವಾದಾಗ ಉಪ್ಪುನೀರಿನ ಪ್ರಭಾವ ಅಘನಾಶಿನಿಯಲ್ಲಿ ಒಳನಾಡಿನ ಉಪ್ಪಿನಪಟ್ಟಣದ ಕಡೆಯವರೆಗೂ ಏರುತ್ತದೆ. ಅಳಿವೆಯ ದಂಡೆಯ ಸಾಣಿಕಟ್ಟಾದಲ್ಲಿ ಆ ನೀರನ್ನೇ ಕಟ್ಟೆಗಳಿಗೆ ಹರಿಸಿ, ಬಿಸಿಲಿಗೆ ಆರಿಸಿ, ಉಪ್ಪು ತೆಗೆಯುತ್ತಾರೆ. ಮಳೆ ಹಿಡಿದ ಮೇಲೆ ಚಿತ್ರವೇ ಬದಲು. ನದಿ ತುಂಬಿ ಬಂದು ಉಪ್ಪುನೀರನ್ನು ಬಾಯಿಯ ಕಡೆಗೆ ದೂಡುತ್ತದೆ. ಏಪ್ರಿಲ್‌ನಲ್ಲಿ ಉಪ್ಪು ಕೊಟ್ಟ ಅಳಿವೆಯ ಮೇಲ್ನೀರು ಜುಲೈನಲ್ಲಿ ಬಹುಮಟ್ಟಿಗೆ ಸಪ್ಪೆಯಾಗಿರುತ್ತದೆ. ಈ ಬದಲಾವಣೆಯನ್ನೇ ನೆಚ್ಚಿ ಅಲ್ಲಿಯ ಗಜನಿ ಎಂಬ ತಗ್ಗು ಭೂಮಿಯಲ್ಲಿ ರೈತರು ಮಳೆಗಾಲಕ್ಕೆ ‘ಕಗ್ಗ’ ಎಂಬ, ಉಪ್ಪು ತಾಳಿಕೊಳ್ಳುವ ಬತ್ತವನ್ನು ಬೆಳೆಯುತ್ತಾರೆ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಮೀನು, ಸಿಗಡಿ ಹಿಡಿಯುತ್ತಾರೆ. ಕೊಯ್ದುಳಿದ ಬತ್ತದ ಬುಡ ಕೊಳೆತು ಅವಕ್ಕೆ ಮೇವಾಗುತ್ತದೆ.

ಮೀನಿನ ಮೈಯೊಳಗಿನ ಉಪ್ಪು

ಸೌತೆಕಾಯಿ ಪಚಡಿಗೆ ಉಪ್ಪು ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ನೀರೊಡೆಯುತ್ತದೆ. ಒಣದ್ರಾಕ್ಷಿಯನ್ನು ಸಾದಾ ನೀರಿನಲ್ಲಿ ನೆನೆಯಿಟ್ಟರೆ ಉಬ್ಬುತ್ತದೆ. ತೆಳುವಾದ ಪೊರೆಯ ಎರಡು ಬದಿಗಳಲ್ಲಿ ಉಪ್ಪು, ಸಕ್ಕರೆಗಳ ಪ್ರಮಾಣ ಬೇರೆಬೇರೆ ಇದ್ದಾಗ ನೀರು ಕಡಿಮೆ ಸಾಂದ್ರತೆಯ ಕಡೆಯಿಂದ ಹೆಚ್ಚು ಸಾಂದ್ರತೆಯ ಕಡೆಗೆ ಸಾಗುತ್ತದೆ. ಇದಕ್ಕೆ ಅಭಿಸರಣ ಎಂದು ಹೆಸರು. ಪ್ರೌಢಶಾಲೆಯ ಮಕ್ಕಳು ಇದನ್ನು ಪುಸ್ತಕದಲ್ಲಿ ಓದಿರುತ್ತಾರೆ. ಮೀನು ಹುಟ್ಟಿದಾಗಿನಿಂದ ಸಾಯುವವರೆಗೆ ಇದರೊಡನೆಯೇ ಹೋರಾಡುತ್ತಿರುತ್ತದೆ.

ಮೂಳೆಮೀನುಗಳ ರಕ್ತದಲ್ಲಿರುವ ಲವಣ ಸಮುದ್ರದ ನೀರಿನಲ್ಲಿರುವುದರ ಸುಮಾರು ಮೂರನೆಯ ಒಂದು ಭಾಗ. ಆದ್ದರಿಂದ ಕಡಲ ಮೀನಿನ ಮೈಯಿಂದ ನೀರು ಸದಾ ಹೊರಗೆ ಸೋರುತ್ತದೆ. ನೀರಿನಲ್ಲಿಯೇ ಇದ್ದರೂ ಅದಕ್ಕೆ ಬಾಯಾರಿಕೆ! ಅದು ಉಪ್ಪುನೀರನ್ನೇ ಕುಡಿದು, ಹೆಚ್ಚಾದ ಉಪ್ಪನ್ನು ಕಿವಿರುಗಳ ಮೂಲಕ ಹೊರಹಾಕುತ್ತದೆ. ಸಿಹಿನೀರಿನ ಮೀನಿನದು ತದ್ವಿರುದ್ಧ ಸ್ಥಿತಿ. ನೀರು ಅದರ ಮೈಯೊಳಗೆ ನುಗ್ಗುತ್ತಲೇ ಇರುತ್ತದೆ. ಅದು ನೀರನ್ನು ಕುಡಿಯುವುದಿಲ್ಲವೆಂದೇ ಹೇಳಬಹುದು, ಬದಲಿಗೆ ತೆಳು ಮೂತ್ರವನ್ನು ಹೇರಳವಾಗಿ ವಿಸರ್ಜಿಸುತ್ತದೆ. ಕಿವಿರುಗಳಿಂದ ಉಪ್ಪನ್ನು ಒಳಗೆ ಎಳೆದುಕೊಳ್ಳುತ್ತದೆ.

ಅಳಿವೆಯ ಮೀನಿಗೆ ಎರಡೂ ವಿದ್ಯೆ ಬೇಕು. ಮಲೆಟ್, ಸೀಬಾಸ್, ಕೆಂಬೇರಿ ಮುಂತಾದ ಮೀನುಗಳು ಕಿವಿರಿನ ಕೆಲಸವನ್ನು ಬದಲಾಯಿಸಿಕೊಂಡು ಉಪ್ಪುನೀರಿನಿಂದ ಸಪ್ಪೆನೀರಿಗೂ ಸಪ್ಪೆನೀರಿನಿಂದ ಉಪ್ಪುನೀರಿಗೂ ಓಡಾಡಬಲ್ಲವು. ಈ ವಿದ್ಯೆ ಇಲ್ಲದ ಮೀನುಗಳು ಮಳೆಗಾಲ ಬಂದೊಡನೆ ಅಳಿವೆ ಬಿಟ್ಟು ಕಡಲಿಗೆ ಸರಿಯುತ್ತವೆ, ಇಲ್ಲವೆ ಕೆಳಗಿನ ಉಪ್ಪುನೀರಿನ ಪದರದಲ್ಲಿ ಉಳಿಯುತ್ತವೆ. ಬಳಚಿನಂತಹ ಚಿಪ್ಪುಜೀವಿಗಳಿಗೆ ಓಡುವ ಶಕ್ತಿಯಿಲ್ಲ. ಅವು ಚಿಪ್ಪು ಮುಚ್ಚಿಕೊಂಡು ಕಾಲ ಕಳೆಯುತ್ತವೆ. ಸಪ್ಪೆನೀರು ಬಹಳ ದಿನ ನಿಂತರೆ ಸಾಯುತ್ತವೆ. ಅಳಿವೆಯಲ್ಲಿ ಬೆಳೆದ ಮರಿಸಿಗಡಿಗಳು ನೆರೆಯ ನೀರಿನೊಡನೆ ಕಡಲಿಗೆ ಮರಳುತ್ತವೆ. ಅವುಗಳನ್ನು ತಿನ್ನುವ ದೊಡ್ಡ ಮೀನುಗಳು ಬಾಯಿಯಲ್ಲಿಯೇ ಕಾದಿರುತ್ತವೆ.

ಮಳೆ ಬಂದರೆ ಮೀನು ಕಚ್ಚುತ್ತದೆಯೆ?

‘ಮಳೆ ಹನಿಯುವಾಗ ಗಾಳಕ್ಕೆ ಮೀನು ಚೆನ್ನಾಗಿ ಬೀಳುತ್ತದೆ’ ಎಂಬ ಮಾತು ಕರಾವಳಿಯಲ್ಲಿಯೂ ಇದೆ, ತುಂಗಭದ್ರೆಯ ದಡದಲ್ಲಿಯೂ ಇದೆ. ಮಳೆಗೆ ತನ್ನದೇ ಆದ ಮಾಯೆಯೇನೂ ಇಲ್ಲ. ಮಳೆಯೊಡನೆ ಬರುವ ಬೇರೆ ಕಾರಣಗಳು ಮೀನನ್ನು ದಡಕ್ಕೆ ತರುತ್ತವೆ.

ಮೊದಲನೆಯದು ಮೇವು. ಮಳೆನೀರು ಗದ್ದೆ, ತೋಟ, ಗುಡ್ಡಗಳಿಂದ ಎರೆಹುಳು, ಕೀಟ, ಕೊಳೆತ ಎಲೆಗಳನ್ನು ಕೊಚ್ಚಿ ತರುತ್ತದೆ. ಇದನ್ನು ತಿನ್ನಲು ಸಣ್ಣ ಮೀನು, ಅವನ್ನು ತಿನ್ನಲು ದೊಡ್ಡ ಮೀನು ಬರುತ್ತವೆ. ತೋಡೊಂದು ಅಳಿವೆಗೆ ಸೇರುವ ಮೂಲೆಯಲ್ಲಿ ಗಾಳ ಹಾಕುವವರು ಹೆಚ್ಚಾಗಿರುವುದು ಇದಕ್ಕಾಗಿಯೇ.

ಎರಡನೆಯದು ಸೆಳೆತ. ನೆರೆ ಬಂದಾಗ ನಡುಹೊಳೆಯ ನೀರು ರಭಸವಾಗಿರುತ್ತದೆ, ದಡದ ನೀರು ನಿಧಾನವಾಗಿರುತ್ತದೆ. ನೀರಿನ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಆ ಬಲದ ಎದುರು ಈಜುತ್ತ ಶಕ್ತಿ ಕಳೆದುಕೊಳ್ಳುವ ಬದಲು ಮೀನುಗಳು ಬಂಡೆಯ ಮರೆ, ಕಾಂಡ್ಲಾ ಗಿಡಗಳ ಬೇರು, ಸೇತುವೆಯ ಕಂಬದ ಹಿಂಬದಿ, ದಂಡೆಯ ತಿರುವುಗಳಲ್ಲಿ ನಿಲ್ಲುತ್ತವೆ.

ಮೂರನೆಯದು ಬೆಳಕು. ಮೋಡ ಕವಿದು, ನೀರು ರಾಡಿಯಾದಾಗ ಮೀನನ್ನು ಹಿಡಿಯುವ ಹಕ್ಕಿಗಳಿಗೂ ಮನುಷ್ಯರಿಗೂ ಅದು ಕಾಣುವುದಿಲ್ಲ. ಆದ್ದರಿಂದ ಮೀನು ಧೈರ್ಯವಾಗಿ ಅಂಚಿಗೆ ಬರುತ್ತದೆ. ಹಾಗಾದರೆ ರಾಡಿ ನೀರಿನಲ್ಲಿ ಮೀನಿಗೆ ಮೇವು ಕಾಣುವುದಾದರೂ ಹೇಗೆ? ಅದು ವಾಸನೆಯಿಂದ ಹುಡುಕುತ್ತದೆ. ಅಲ್ಲದೆ ಮೀನಿನ ಮೈಯ ಎರಡು ಪಕ್ಕಗಳಲ್ಲಿ ತಲೆಯಿಂದ ಬಾಲದವರೆಗೆ ಪಾರ್ಶ್ವರೇಖೆ ಎಂಬ ಒಂದು ಗೆರೆಯಿರುತ್ತದೆ. ನೀರಿನ ಅತಿ ಸೂಕ್ಷ್ಮ ಅಲುಗಾಟವನ್ನು ಅದು ಗ್ರಹಿಸುತ್ತದೆ. ಆದ್ದರಿಂದಲೇ ಮಳೆಗಾಲದಲ್ಲಿ ಅನುಭವಿಗಳು ಗಾಳಕ್ಕೆ ವಾಸನೆಯುಳ್ಳ ಸಿಗಡಿ, ಮೀನಿನ ತುಂಡು, ಇಲ್ಲವೆ ಮಿಸುಕಾಡುವ ಎರೆಹುಳುವನ್ನು ಸಿಕ್ಕಿಸುತ್ತಾರೆ. ಬರಿಯ ಹೊಳಪು ಆಗ ಕೆಲಸಕ್ಕೆ ಬಾರದು. ಸೆಳೆತ ಹೆಚ್ಚಿದ ದಿನ ಸೀಸದ ಗುಂಡನ್ನೂ ದೊಡ್ಡದು ಕಟ್ಟುತ್ತಾರೆ.

ಅನುಭವಿಗಳು ನೋಡುವ ಇನ್ನೊಂದು ಗುರುತೆಂದರೆ ಕೆಂಪು ನೀರು ಮತ್ತು ತಿಳಿನೀರು ಕೂಡುವ ಗೆರೆ. ಅಳಿವೆಯ ಬಾಯಿಯ ಬಳಿ ಇದು ನೊರೆ, ಕಸಕಡ್ಡಿಗಳ ಸಾಲಾಗಿ ಬರಿಗಣ್ಣಿಗೆ ಕಾಣುತ್ತದೆ. ಎರಡು ನೀರುಗಳು ಎದುರಾಗುವಲ್ಲಿ ತೇಲುವ ಮೇವೆಲ್ಲ ಗುಡ್ಡೆಯಾಗುತ್ತದೆ. ರಾಡಿಯಲ್ಲಿ ಅಡಗಿದ ದೊಡ್ಡ ಮೀನು ತಿಳಿನೀರಿಗೆ ನುಗ್ಗಿ ಬೇಟೆಯಾಡುತ್ತದೆ.

ಬೀಸುಬಲೆಯದು ಇನ್ನೊಂದು ಬಗೆಯ ಜಾಣ್ಮೆ. ದುಂಡನೆಯ ಬಲೆಯ ಅಂಚಿಗೆಲ್ಲ ಸೀಸದ ಮಣಿಗಳಿರುತ್ತವೆ. ಎಸೆಯುವವನು ಸೊಂಟ ತಿರುಗಿಸಿ ಬಲೆಗೆ ಸುತ್ತು ಕೊಟ್ಟು ಬಿಡುತ್ತಾನೆ. ಮಣಿಗಳು ಜಡತ್ವದಿಂದಾಗಿ ಹೊರಕ್ಕೆ ಸರಿಯಲು ನೋಡುವುದರಿಂದ ಬಲೆ ಗಾಳಿಯಲ್ಲಿ ಕೊಡೆಯಂತೆ ಅರಳುತ್ತದೆ. ನೀರಿಗೆ ಬಿದ್ದೊಡನೆ ಅಂಚು ಮೊದಲು ಮುಳುಗಿ ಮೀನನ್ನು ಸುತ್ತುವರಿಯುತ್ತದೆ. ಹಗ್ಗ ಎಳೆದಾಗ ಅರಳಿದ ಕೊಡೆ ಮುಚ್ಚುತ್ತದೆ. ನ್ಯೂಟನ್ನನ ಮೊದಲ ನಿಯಮವನ್ನು ಓದದೆಯೂ ಅದನ್ನು ದಿನಕ್ಕೆ ಐವತ್ತು ಬಾರಿ ಪ್ರಯೋಗ ಮಾಡಿ ತೋರಿಸುವವರು ಇವರು.

ಪಂಚಾಂಗ ಹೇಳುವ ಗಡಿಯಾರ

ತುಂಗಭದ್ರೆಯ ದಡದಲ್ಲಿ ಇಲ್ಲದ ಒಂದು ಸಂಗತಿ ಅಳಿವೆಯಲ್ಲಿದೆ. ಅದೇ ಉಬ್ಬರ-ಇಳಿತ. ಮುಖ್ಯವಾಗಿ ಚಂದ್ರನ, ಸ್ವಲ್ಪಮಟ್ಟಿಗೆ ಸೂರ್ಯನ ಆಕರ್ಷಣೆಯಿಂದ ಕಡಲು ದಿನಕ್ಕೆ ಎರಡು ಬಾರಿ ಏರಿ ಎರಡು ಬಾರಿ ಇಳಿಯುತ್ತದೆ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಆದ್ದರಿಂದ ಇಂದಿನ ಉಬ್ಬರಕ್ಕಿಂತ ನಾಳೆಯದು ಸುಮಾರು 50 ನಿಮಿಷ ತಡ. ಹಳೆಯ ಲೆಕ್ಕದಲ್ಲಿ ಒಂದು ಗಳಿಗೆ ಎಂದರೆ 24 ನಿಮಿಷ. ಎರಡು ಗಳಿಗೆ ಎಂದರೆ 48 ನಿಮಿಷ. ಹೀಗಾಗಿ ತಿಥಿಯೊಂದನ್ನು ತಿಳಿದವನು ದಿನಕ್ಕೆ ಎರಡು ಗಳಿಗೆ ಕೂಡಿಸುತ್ತ ಹೋದರೆ ಗಡಿಯಾರವಿಲ್ಲದೆಯೂ ಉಬ್ಬರದ ಹೊತ್ತನ್ನು ಹೇಳಬಲ್ಲ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಸೂರ್ಯ-ಚಂದ್ರರ ಸೆಳೆತ ಒಂದೇ ಗೆರೆಯಲ್ಲಿ ಕೂಡುವುದರಿಂದ ಉಬ್ಬರ ದೊಡ್ಡದು. ಅಷ್ಟಮಿಯ ಸುತ್ತಮುತ್ತ ಚಿಕ್ಕದು.

ಉಬ್ಬರ ಏರತೊಡಗಿದಾಗ ಕೆಳಗಿನಿಂದ ಉಪ್ಪುನೀರು ಒಳನುಗ್ಗುತ್ತದೆ. ಅದರೊಡನೆ ಕಡಲ ಮೀನುಗಳೂ ಒಳಬರುತ್ತವೆ. ನೀರು ನಿಂತ ಹೊತ್ತಿಗಿಂತ ಹರಿಯುವ ಹೊತ್ತಿನಲ್ಲಿ ಮೇವು ಚಲಿಸುತ್ತದೆ, ಮೀನೂ ಚಲಿಸುತ್ತದೆ. ದಡದವರು ಆ ಹೊತ್ತಿಗೆ ಸರಿಯಾಗಿ ಬರುತ್ತಾರೆ. ಆದರೆ ಮಳೆಗಾಲದಲ್ಲಿ ಇಳಿತದ ಸ್ವಭಾವ ಬೇರೆ. ಇಳಿಯುವ ಕಡಲಿನ ಸೆಳೆತಕ್ಕೆ ನದಿಯ ನೆರೆಯೂ ಕೂಡಿಕೊಳ್ಳುತ್ತದೆ. ಆಗ ಅಳಿವೆಯ ಬಾಯಿಯಲ್ಲಿ ಹೊರಕ್ಕೆ ಹರಿಯುವ ಪ್ರವಾಹವನ್ನು ಈಜಿ ಗೆಲ್ಲಲು ಬಲಶಾಲಿಗೂ ಸಾಧ್ಯವಿಲ್ಲ. ಅಲ್ಲಿಯವರು ಇಳಿತ ಶುರುವಾದೊಡನೆ ನೀರಿನಿಂದ ಮೇಲೆ ಬರುವುದು ಈ ಕಾರಣಕ್ಕೆ.

ಮೊಟ್ಟೆ ಹೊತ್ತ ಮೀನು

ಮೀನು ದಡಕ್ಕೆ ಬಂತೆಂದು ಬಂದುದನ್ನೆಲ್ಲ ಹಿಡಿಯುವುದು ಸರಿಯೆ? ಮಳೆಗಾಲ ಅನೇಕ ಮೀನುಗಳಿಗೆ ಸಂತಾನದ ಕಾಲ. ಮಲೆನಾಡಿನ ಹಳ್ಳಗಳಲ್ಲಿ ಮೊದಲ ಮಳೆಗೆ ಪ್ರವಾಹದ ವಿರುದ್ಧ ಮೇಲೇರುವ ‘ಹತ್ತುಮೀನು’ಗಳ ಹೊಟ್ಟೆಯ ತುಂಬ ಮೊಟ್ಟೆಗಳಿರುತ್ತವೆ. ತುಂಗಭದ್ರೆಯ ಹೊಸ ನೀರಿಗೆ ಮೈದುಂಬುವ ಮೀನುಗಳ ಕಥೆಯೂ ಅದೇ. ಕಡಲಿನಲ್ಲಿ ಬಂಗಡೆ, ತಾರ್ಲೆಗಳು ಮೊಟ್ಟೆಯಿಡುವುದೂ ಬಹುಮಟ್ಟಿಗೆ ಈ ತಿಂಗಳುಗಳಲ್ಲಿಯೇ. ಮುಂಗಾರು ಗಾಳಿ ಬೀಸಿದಾಗ ಪಶ್ಚಿಮ ಕರಾವಳಿಯ ಮೇಲ್ಪದರದ ನೀರು ದೂರ ಸರಿದು, ಆಳದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲಕ್ಕೆ ಬರುತ್ತದೆ. ಅದರಿಂದ ಬರಿಗಣ್ಣಿಗೆ ಕಾಣದ ಸಸ್ಯಪ್ಲವಕಗಳು ಹುಲುಸಾಗಿ ಬೆಳೆಯುತ್ತವೆ. ಮರಿಗಳಿಗೆ ಅದೇ ತುತ್ತು. 61 ದಿನಗಳ ನಿಷೇಧದ ಹಿಂದಿರುವ ತರ್ಕವೂ ಇದೇ. ಬಿತ್ತನೆಗೆ ಇಟ್ಟ ಬೀಜವನ್ನು ಕುಟ್ಟಿ ತಿನ್ನಬಾರದೆಂಬುದು ಮುಂಡರಗಿಯ ರೈತನಿಗೆ ವಿವರಿಸಿ ಹೇಳಬೇಕಾದ ಮಾತಲ್ಲ.

ಗಾಳದ ಮೀನುಗಾರಿಕೆಯ ಒಳ್ಳೆಯ ಗುಣವೆಂದರೆ ಅದು ಒಂದೊಂದಾಗಿ ಹಿಡಿಯುತ್ತದೆ. ಬೇಡವಾದುದನ್ನು ಜೀವಂತ ಬಿಡಲು ಅವಕಾಶವಿರುತ್ತದೆ. ಮರಿಗಳನ್ನೂ ಮೊಟ್ಟೆ ತುಂಬಿದವನ್ನೂ ಒದ್ದೆ ಕೈಯಿಂದ ಹಿಡಿದು ಬಿಡಬೇಕು. ಒಣ ಕೈ ತಾಗಿದರೆ ಮೈಮೇಲಿನ ಲೋಳೆ ಕಿತ್ತುಹೋಗಿ ರೋಗ ತಗಲುತ್ತದೆ. ಅದಕ್ಕೆ ಬದಲು ಕಣ್ಣು ಸಣ್ಣದಾದ ಬಲೆಯನ್ನು ಹಳ್ಳದ ಬಾಯಿಗೆ ಅಡ್ಡ ಕಟ್ಟಿದರೆ ಒಂದು ರಾತ್ರಿಯಲ್ಲಿ ಒಂದು ಪೀಳಿಗೆಯೇ ಮುಗಿಯುತ್ತದೆ. ಕತ್ತರಿಸಿ ಬಿಸಾಡಿದ ನೈಲಾನ್ ದಾರವೂ ಕೇಡೇ. ಅದು ಕೊಳೆಯುವುದಿಲ್ಲ. ವರ್ಷಗಟ್ಟಲೆ ನೀರಿನಲ್ಲಿದ್ದು ಹಕ್ಕಿಗಳ ಕಾಲಿಗೆ, ಆಮೆಗಳ ಕುತ್ತಿಗೆಗೆ ಉರುಳಾಗುತ್ತದೆ.

ದಡವೂ ಅಪಾಯವೇ

2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಸಮುದ್ರದ ಪಾಲಾದರು. ಅದು ಮಳೆಗಾಲವೂ ಆಗಿರಲಿಲ್ಲ. ಕಡಲನ್ನು ಕಂಡರಿಯದ ಒಳನಾಡಿನ ಮಕ್ಕಳಿಗೆ ದಡ ಎಂದರೆ ನೆಲ, ನೆಲ ಎಂದರೆ ಸುರಕ್ಷಿತ ಎಂಬ ಭಾವನೆಯಿರುತ್ತದೆ. ಕೆರೆಯ ದಂಡೆಗೆ ಆ ಮಾತು ಒಂದಿಷ್ಟು ಒಪ್ಪೀತು. ಕಡಲಿಗೆ ಒಪ್ಪುವುದಿಲ್ಲ.

ಒಂದು ಘನಮೀಟರ್ ಕಡಲ ನೀರಿನ ತೂಕ ಒಂದು ಟನ್ನಿಗಿಂತ ಹೆಚ್ಚು. ಮೊಣಕಾಲುದ್ದದ ಅಲೆ ಕೂಡ ನಿಂತವನನ್ನು ಕೆಡವಬಲ್ಲದು. ಅಲೆಗಳು ಒಂದೇ ಎತ್ತರಕ್ಕೆ ಬರುವುದೂ ಇಲ್ಲ. ಹತ್ತಿಪ್ಪತ್ತು ಸಾಧಾರಣ ಅಲೆಗಳ ನಂತರ ಒಮ್ಮೆಲೇ ಎರಡು ಮೂರು ದೊಡ್ಡ ಅಲೆಗಳು ಒಂದರ ಹಿಂದೊಂದು ಬರುತ್ತವೆ. ಒಣಗಿದಂತೆ ಕಾಣುವ ಬಂಡೆ ಅಷ್ಟರಲ್ಲಿ ನೀರಿನೊಳಗಾಗಿರುತ್ತದೆ. ಮಳೆಗಾಲದಲ್ಲಿ ಬಂಡೆಗಳ ಮೇಲೆ ಪಾಚಿ ಕಟ್ಟಿ ಸಾಬೂನಿನಂತೆ ಜಾರುತ್ತದೆ. ಮರಳದಂಡೆಗೆ ಬಡಿದ ನೀರು ಹಿಂದಿರುಗುವಾಗ ಕಿರಿದಾದ ಕಾಲುವೆ ಮಾಡಿಕೊಂಡು ರಭಸವಾಗಿ ಕಡಲಿಗೆ ಓಡುತ್ತದೆ. ಆ ಜಾಗದಲ್ಲಿ ಅಲೆ ಒಡೆಯುವುದಿಲ್ಲವಾದ್ದರಿಂದ ನೋಡಲು ಅದೇ ಶಾಂತವಾಗಿರುತ್ತದೆ. ಅರಿಯದವರು ಅಲ್ಲಿಯೇ ಇಳಿಯುತ್ತಾರೆ. ಸಿಕ್ಕಿಬಿದ್ದವರು ಗಾಬರಿಯಾಗಿ ದಡದತ್ತ ನೇರವಾಗಿ ಈಜಿ ಸೋಲುತ್ತಾರೆ. ತೇಲುತ್ತ, ದಡಕ್ಕೆ ಸಮಾನಾಂತರವಾಗಿ ಸರಿದು, ಆ ಕಾಲುವೆಯಿಂದ ಹೊರಬಂದ ಮೇಲೆ ದಡಕ್ಕೆ ತಿರುಗಬೇಕು. ಬೇರೆಯವರು ಹಿಂದೆಯೇ ಹಾರಬಾರದು. ಹಗ್ಗ, ಖಾಲಿ ಕ್ಯಾನು ಎಸೆದು ಸ್ಥಳೀಯರನ್ನು ಕೂಗಬೇಕು.

ದಡದ ಮೀನುಗಾರರು ಪಾಲಿಸುವ ನಿಯಮಗಳು ಸರಳವಾಗಿವೆ. ಕಡಲಿಗೆ ಬೆನ್ನು ಹಾಕುವುದಿಲ್ಲ. ಒಬ್ಬರೇ ಹೋಗುವುದಿಲ್ಲ. ಬಂಡೆಗೆ ಇಳಿಯುವ ಮೊದಲು ಕಾಲು ಗಂಟೆ ನಿಂತು ಅಲೆಗಳನ್ನು ನೋಡುತ್ತಾರೆ. ಬಂದ ದಾರಿ ಉಬ್ಬರಕ್ಕೆ ಮುಳುಗುವುದಾದರೆ ಅಲ್ಲಿಗೆ ಹೋಗುವುದೇ ಇಲ್ಲ. ಗುಡುಗು ಕೇಳಿದೊಡನೆ ಗಾಳ ಕೆಳಗಿಡುತ್ತಾರೆ. ಈಗ ಅಂಗಡಿಗಳಲ್ಲಿ ಸಿಗುವ ಕಾರ್ಬನ್ ನಾರಿನ ಕೋಲುಗಳು ವಿದ್ಯುತ್ತನ್ನು ಹರಿಸುವುದರಿಂದ ಈ ಎಚ್ಚರ ಹಿಂದಿಗಿಂತ ಹೆಚ್ಚು ಬೇಕು. ಮೀಸೆಯುಳ್ಳ ಮೀನುಗಳ ಮುಳ್ಳು, ತೊರಕೆಯ ಬಾಲದ ಮುಳ್ಳು ವಿಷದವು. ಚೆಂಡಿನಂತೆ ಉಬ್ಬುವ ಮೀನನ್ನು ತಿಂದರೆ ಪ್ರಾಣಕ್ಕೆ ಸಂಚಕಾರ. ಗುರುತು ಸಿಗದ ಮೀನನ್ನು ಮುಟ್ಟದಿರುವುದೇ ಲೇಸು. ಹೈದರಾಬಾದಿನ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಎತ್ತರದ ಅಲೆಗಳ ಮುನ್ನೆಚ್ಚರಿಕೆಯನ್ನೂ, ಹವಾಮಾನ ಇಲಾಖೆಯು ಹಳದಿ, ಕಿತ್ತಳೆ, ಕೆಂಪು ಬಣ್ಣಗಳ ಮಳೆಯ ಎಚ್ಚರಿಕೆಯನ್ನೂ ಕೊಡುತ್ತವೆ. ಪ್ರವಾಸಕ್ಕೆ ಹೊರಡುವ ಕುಟುಂಬಗಳೂ ಶಾಲೆಗಳೂ ಹಿಂದಿನ ದಿನ ಅದನ್ನು ನೋಡಿಕೊಳ್ಳಬೇಕು. ಕೆಂಪು ಎಚ್ಚರಿಕೆಯಿದ್ದರೆ ಪ್ರವಾಸವನ್ನು ಮುಂದೂಡಿದರೆ ಯಾವ ನಷ್ಟವೂ ಇಲ್ಲ.

ಮಳೆಗಾಲದ ಕಡಲನ್ನು ದೂರದಿಂದಲೇ ನೋಡಿದರೂ ಕಲಿಯುವುದು ಬೇಕಾದಷ್ಟಿದೆ. ಕುಮಟಾ-ಅಂಕೋಲಾ ದಾರಿಯಲ್ಲಿ ಅಘನಾಶಿನಿ ಸೇತುವೆ ದಾಟುವಾಗ ನೀರಿನ ಬಣ್ಣ, ಹರಿಯುವ ದಿಕ್ಕು, ನೊರೆಯ ಗೆರೆ, ದಡದಲ್ಲಿ ಗಾಳ ಹಾಕಿದವರು ನಿಂತ ಜಾಗ ಇವನ್ನು ಮಕ್ಕಳು ಗಮನಿಸಬಹುದು. ಅಂದು ಯಾವ ತಿಥಿ, ಉಬ್ಬರವೋ ಇಳಿತವೋ ಎಂಬುದನ್ನು ಪಂಚಾಂಗ ನೋಡಿ ಊಹಿಸಬಹುದು. ಅಷ್ಟು ದೂರ ಹೋಗಲಾಗದವರಿಗೆ ಕೊರ್ಲಹಳ್ಳಿಯ ಸೇತುವೆಯ ಮೇಲಿಂದ ತುಂಗಭದ್ರೆಯ ಹೊಸ ನೀರೂ, ಮಾಗಡಿಯ ಕೆರೆಯೂ ಇವೆ. ನೀರು ಎಲ್ಲಿಂದ ಬಂತು, ಏನನ್ನು ತಂತು, ಅದರೊಳಗಿನ ಜೀವಿಗಳು ಅದಕ್ಕೆ ಹೇಗೆ ಹೊಂದಿಕೊಂಡವು ಎಂಬ ಪ್ರಶ್ನೆಗಳನ್ನು ಎಲ್ಲಿಯಾದರೂ ಕೇಳಬಹುದು. ದಡದಲ್ಲಿ ಗಾಳ ಹಿಡಿದು ನಿಂತ ಅನುಭವಿಯೂ ದಿನವೂ ಕೇಳಿಕೊಳ್ಳುವ ಪ್ರಶ್ನೆಗಳು ಇವೇ. ಉತ್ತರ ಸರಿಯಾದ ದಿನ ಅವನ ಬುಟ್ಟಿಗೆ ಮೀನು ಬೀಳುತ್ತದೆ. ನೀರು ಇಂದು ಬೇಡವೆಂದು ಹೇಳಿದ ದಿನ ಅವನು ಬರಿಗೈಯಲ್ಲಿ ಮನೆಗೆ ಹೋಗುತ್ತಾನೆ, ಮಾರನೆಯ ದಿನ ಮತ್ತೆ ಬರುತ್ತಾನೆ.